ಕಾಗೆಗೆ ಕೊಟ್ಟ ಮಾತು

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾವು ಕುರಿ ಕಾಯುವ ಮನೆತನದವರು. ಗುಡ್ಡ, ಕಾಡು, ದಾರಿ ಇವೆಲ್ಲ ನಮಗೆ ಹುಟ್ಟಿನಿಂದಲೇ ಗೊತ್ತು. ನಾನು ರಾಯಚೂರಿನಲ್ಲಿ ಕೂತು ಪ್ಯಾಂಟು ಹೊಲಿಯುತ್ತೇನೆ ಎಂಬುದು ಬೇರೆ ಮಾತು.

ಅಪ್ಪ ಹಿರೇಕೊಟ್ನೆಕಲ್‌ನವನು. ಬದುಕಿನುದ್ದಕ್ಕೂ ಹಿಂಡಿನ ಹಿಂದೆ ನಡೆದವನು. ಕಾಲು ಸೋತ ಮೇಲೆ ನಮ್ಮ ಮನೆಗೆ ಬಂದು ಉಳಿದ. ಬಾಗಿಲ ಬಳಿ ಕಂಬಳಿ ಹಾಸಿಕೊಂಡು ಕೂತು, ನನ್ನ ಹೆಂಡತಿ ಮಲ್ಲಮ್ಮನ ಫೋನಿನಲ್ಲಿ ಹಿಮಾಲಯದ ತಪ್ಪಲಿನ ವಿಡಿಯೊ ನೋಡುತ್ತಿದ್ದ. ಜನ ಬೆನ್ನಿಗೆ ಚೀಲ ಹಾಕಿಕೊಂಡು ಕಾಡಿನ ದಾರಿಯಲ್ಲಿ ನಡೆಯುವ ವಿಡಿಯೊ. ಹಿಮ ಕಂಡರೆ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಹುಲ್ಲು ಕಂಡರೆ ಎದ್ದು ಕೂರುತ್ತಿದ್ದ.

“ಅಷ್ಟು ಹುಲ್ಲು ಸುಮ್ನ ಬಿಟ್ಟಾರಲ್ಲ ಮಲ್ಲವ್ವ. ಅಲ್ಲಿ ಕುರಿ ಬಿಡಾಕ ಕೊಡಂಗಿಲ್ಲೇನು?”

“ಅದು ನಡಿಯೋರ ದಾರಿ, ಮಾವ.”

“ತಿನ್ನೋರನ್ನ ಬಿಟ್ಟು ನಡಿಯೋರನ್ನ ಯಾಕ ಬಿಟ್ಟಾರ?”

ಮಲ್ಲಮ್ಮ ಮುಂದಿನ ವಿಡಿಯೊ ಹಾಕಿದಳು.

ಬೇಸಿಗೆಯಲ್ಲಿ ಅಪ್ಪ ತೀರಿಕೊಂಡ. ಊರಲ್ಲಿ ಮಣ್ಣು ಮಾಡಿ, ಮೂರನೆಯ ದಿನ ಎಡೆ ಇಟ್ಟೆವು. ಕಾಗೆ ಬಂತು, ನೋಡಿತು, ಹೋಗಿ ಬೇವಿನ ಮರದ ಮೇಲೆ ಕೂತಿತು. ಕಾಗೆ ಎಡೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಆಗ ಬಳಗದವರು ಒಬ್ಬೊಬ್ಬರಾಗಿ ಮುಂದೆ ಬಂದು ಮಾತು ಕೊಡಬೇಕು. ಯಾವ ಮಾತಿಗೆ ಕಾಗೆ ಇಳಿಯುತ್ತದೋ, ಆ ಮಾತು ಕೊಟ್ಟವನು ಸಿಕ್ಕಿಬಿದ್ದ.

ಅಕ್ಕ ತನ್ನ ಮಗಳ ಮದುವೆ ಚೆನ್ನಾಗಿ ಮಾಡುತ್ತೇನೆಂದಳು. ಕಾಗೆ ಕದಲಲಿಲ್ಲ. ಅಪ್ಪನ ತಮ್ಮ, ನಮ್ಮ ಕಾಕಾ, “ನಾ ಇವತ್ತಿನಿಂದ ಕುಡಿಯೋದು ಬಿಟ್ಟೆ” ಎಂದ. ಕಾಗೆ ಮುಖ ಆ ಕಡೆ ತಿರುಗಿಸಿತು. ಬಿಸಿಲು ಏರಿ ಕಾಲು ಸುಡತೊಡಗಿತ್ತು. ಬೇಗ ಮುಗಿಯಲಿ ಎಂದು ನಾನು, “ಯಪ್ಪಾ, ಆ ಗುಡ್ಡದ ಹುಲ್ಲಿನಾಗ ನಿನಗ ಎಡಿ ಇಟ್ಟು ಬರ್ತೀನಿ” ಎಂದೆ.

ಕಾಗೆ ಇಳಿದು ಬಂತು.

ಕಾಕಾ ನನ್ನ ಹೆಗಲು ತಟ್ಟಿದ. “ಹೋಗಿ ಬಾ ತಮ್ಮಾ. ಅಲ್ಲಿ ಭಾಳ ಥಂಡಿ ಅಂತ.”

ಹೀಗೆ ನಾನು ಪರ್ವತಾರೋಹಿಯಾದೆ. ಅಪ್ಪನ ಕರಿ ಕಂಬಳಿ ಹೊದ್ದು ರಾಯಚೂರಿನ ಕೋಟೆ ಗುಡ್ಡ ಹತ್ತಿ ಇಳಿಯುವ ಅಭ್ಯಾಸ ಶುರುವಾಯಿತು. ಆ ಬಿಸಿಲಿಗೆ ನಾಯಿಗಳೂ ನೆರಳು ಬಿಟ್ಟು ಬರುತ್ತಿರಲಿಲ್ಲ. ಪಕ್ಕದ ಮನೆಯ ಖೈರುನ್‌ಬಿ ಮಲ್ಲಮ್ಮನನ್ನು ಮೆಲ್ಲಗೆ ಕೇಳಿದಳು.

“ಏನಾಗ್ಯದ ನಿಮ್ಮ ಮನಿಯವರಿಗೆ?”

“ಮಾವಗ ಗುಡ್ಡ ತೋರಸಾಕ ಹೊಂಟಾರ.”

“ಮಾವ ಹೋಗಿಬಿಟ್ರಲ್ಲ?”

“ಅದನ್ನ ಇವರಿಗೆ ಯಾರು ಹೇಳಬೇಕು?”

ದಸರಾ ಮುಗಿದ ಮೇಲೆ ಹೊರಟೆವು. ರೈಲು, ಬಸ್ಸು, ಮತ್ತೆ ಬಸ್ಸು. ಹಿಮಾಚಲದ ಒಂದು ಸಣ್ಣ ಊರಲ್ಲಿ, ನಡೆಯಲು ಬರುವವರನ್ನು ಉಳಿಸಿಕೊಳ್ಳುವ ಒಂದು ಮನೆಯಲ್ಲಿ ಇಳಿದೆವು. ಮೇಲಿನ ಹುಲ್ಲುಗಾವಲಿಗೆ ಕಾಡಿನೊಳಗಿಂದ ದಾರಿ, ಬಂಡೆಗಳ ಮೇಲೆ ಕೆಂಪು ಬಾಣದ ಗುರುತು. ಜೊತೆಗೆ ಒಬ್ಬನನ್ನು ಕಳಿಸುತ್ತೇನೆ ಎಂದು ಮನೆಯ ಯಜಮಾನ ಹೇಳಿದ. ನಾನು ರಾಯಚೂರಿನ ಉರ್ದುವಿನಲ್ಲಿ “ನಕ್ಕೊ”, ಬೇಡ ಎಂದೆ.

“ಕರಕೊಂಡು ಹೋಗೂಣ್ರಿ,” ಎಂದಳು ಮಲ್ಲಮ್ಮ.

“ಕುರುಬನ ಮಗಗ ದಾರಿ ತೋರಸವರು ಬೇಕೇನು?”

ಅವಳು ನನ್ನ ಸೂಜಿ ಚುಚ್ಚಿದ ಬೆರಳುಗಳನ್ನು ನೋಡಿದಳು.

ದೇವದಾರು ಮರಗಳ ಕಾಡು. ಒಳಗೆ ಕಾಲಿಟ್ಟ ಕೂಡಲೇ ಬೆಳಕು ಅರ್ಧವಾಯಿತು. ನಮ್ಮ ಕಡೆ ಬಯಲಲ್ಲಿ ದೂರದ ಮನುಷ್ಯ ಕಾಣುತ್ತಾನೆ, ಸದ್ದು ಕೇಳಿಸುವುದಿಲ್ಲ. ಇಲ್ಲಿ ಸದ್ದು ಕೇಳಿಸುತ್ತದೆ, ಮನುಷ್ಯ ಕಾಣುವುದಿಲ್ಲ. ಎಲ್ಲೋ ಒಂದು ಕಡ್ಡಿ ಮುರಿಯಿತು.

ಮಧ್ಯಾಹ್ನದ ಹೊತ್ತಿಗೆ ಮಂಜು ಇಳಿಯಿತು. ಮೊದಲು ಮರದ ತುದಿಗಳು ಹೋದವು. ಆಮೇಲೆ ಮರಗಳು ಹೋದವು. ಕೆಂಪು ಬಾಣಗಳು ಯಾವಾಗ ಹೋದವೋ ತಿಳಿಯಲಿಲ್ಲ. ಆಗಲೇ ನನ್ನ ಕಾಲ ಬಳಿ ಕುರಿ ಹಿಕ್ಕೆ ಕಂಡಿತು. ನನ್ನ ಎದೆ ಉಬ್ಬಿತು.

“ಹಿಕ್ಕಿ ಬಿದ್ದಲ್ಲಿ ದಾರಿ ಇರ್ತದ ಅಂತ ಅಪ್ಪ ಹೇಳ್ತಿದ್ದ. ಬಾ.”

“ಅದು ಕುರಿ ದಾರಿ ಆತು. ನಮ್ಮ ದಾರಿ?”

ನಾನು ಬಗ್ಗಿ, ಹಿಕ್ಕೆ ಹುಡುಕುತ್ತ, ಗಂಭೀರವಾಗಿ ಮುನ್ನಡೆದೆ. ಎಷ್ಟು ನಡೆದೆವೋ ಗೊತ್ತಿಲ್ಲ. ಮೇಲೇರಿದೆವು, ಇಳಿದೆವು. ಕಾಲ ಕೆಳಗೆ ಎಲೆ ಮುಗಿದು ಮೆತ್ತನೆಯ ಹುಲ್ಲು ಸಿಕ್ಕಿತು. ಆಗ ಹಿಂದೆ ಹೆಜ್ಜೆಯ ಸದ್ದು ಕೇಳಿಸಿತು.

ನಾವು ನಿಂತೆವು. ಅದೂ ನಿಂತಿತು. ನಡೆದೆವು. ಅದೂ ನಡೆಯಿತು.

ಆಮೇಲೆ ಅದು ಕೆಮ್ಮಿತು.

ಎರಡು ಸಣ್ಣ ಕೆಮ್ಮು, ಒಂದು ಉದ್ದದ ಕೆಮ್ಮು, ಕೊನೆಗೆ ಗಂಟಲು ಸರಿಮಾಡಿಕೊಂಡ ಸದ್ದು. ಬಾಗಿಲ ಬಳಿ ಮಲಗಿದ ಅಪ್ಪ ಪ್ರತಿ ರಾತ್ರಿ ಹೀಗೆಯೇ ಕೆಮ್ಮುತ್ತಿದ್ದ. ಅದು ನಿಂತುಹೋದ ಮೇಲೆ ನಮಗಿಬ್ಬರಿಗೂ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಮಲ್ಲಮ್ಮ ನನ್ನ ಕಂಬಳಿಯ ಅಂಚು ಹಿಡಿದಳು.

“ಕೇಳಿಸ್ತೇನ್ರಿ?”

“ಇಲ್ಲ.”

“ಮತ್ಯಾಕ ನಡಗಾಕತ್ತೀರಿ?”

“ಥಂಡಿ.”

ಹುಲ್ಲು ಸಿಕ್ಕಿದೆ, ಇನ್ನು ಮುಂದೆ ಹೋಗುವುದು ಬೇಡ ಎಂದು ಅಲ್ಲಿಯೇ ಒಂದು ಚಪ್ಪಟೆ ಕಲ್ಲಿನ ಮೇಲೆ ಎಡೆ ಇಟ್ಟೆವು. ರಾಯಚೂರಿನಿಂದ ತಂದ ಕಟಕಲು ಜೋಳದ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಬೆಲ್ಲದ ತುಂಡು, ಒಂದು ಬೀಡಿ. ಕೈ ಮುಗಿದು, ಬೆನ್ನು ತಿರುಗಿಸಿ ನಿಂತೆವು. ಕಾಗೆಯ ಸುಳಿವೇ ಇರಲಿಲ್ಲ.

ಬೆನ್ನ ಹಿಂದೆ ಕಟಕಟ ಎಂದು ರೊಟ್ಟಿ ಮುರಿಯುವ ಸದ್ದು.

ಮಲ್ಲಮ್ಮ ನನ್ನ ಕಿವಿಯ ಹತ್ತಿರ ಬಂದಳು. “ರೀ, ಮಾವಗ ಹಲ್ಲಿರಲಿಲ್ಲಲ್ರೀ.”

ಹೌದು. ಅಪ್ಪ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿನ್ನುತ್ತಿದ್ದ.

“ಹೊಸಾವು ಬಂದಿರಬೇಕು,” ಎಂದೆ.

ಸದ್ದು ನಿಂತ ಮೇಲೆ ತಿರುಗಿ ನೋಡಿದೆವು. ಕಲ್ಲು ಬರಿದಾಗಿತ್ತು. ಬೀಡಿಯೂ ಇರಲಿಲ್ಲ. ಮಂಜಿನೊಳಗೆ ಏನೋ ಉಸಿರಾಡುತ್ತಿತ್ತು. ಆದರೂ ನನಗೆ ಓಡಬೇಕೆನ್ನಿಸಲಿಲ್ಲ. ತಿಂಗಳುಗಟ್ಟಲೆ ಕೇಳಬೇಕೆಂದು ಇಟ್ಟುಕೊಂಡ ಮಾತು ಬಾಯಿಗೆ ಬಂತು.

“ಯಪ್ಪಾ, ಕಾಲುನೋವು ಹೋತಾ?”

ಕೆಮ್ಮು.

“ಹುಲ್ಲು ಚಲೋ ಅದಾ?”

ಉದ್ದನೆಯ ಕೆಮ್ಮು. ಮಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅವಳೇ ಕೇಳಿದಳು. “ಮಾವ, ನಿಮ್ಮ ಮಗ ದಾರಿ ತಪ್ಪಿಸ್ಯಾರ. ಯಾವ ಕಡೆ ಹೋಗಬೇಕು ಹೇಳ್ರಿ.”

ಹೆಜ್ಜೆ ಸದ್ದು ಎಡಕ್ಕೆ ಹೊರಟಿತು. ನಾವು ಹಿಂದೆ ಹೊರಟೆವು. ಸಣ್ಣವನಿದ್ದಾಗ ಅಪ್ಪನ ಹಿಂದೆ ಹೊಲದ ದಾರಿಯಲ್ಲಿ ಹೀಗೆಯೇ ನಡೆದಿದ್ದೆ, ಬೆನ್ನು ನೋಡುತ್ತ. ಈಗ ಬೆನ್ನು ಕಾಣುತ್ತಿರಲಿಲ್ಲ, ಅಷ್ಟೇ. ನಾನು ಎಡವಿದಾಗ ಅದು ನಿಂತು ಕಾಯುತ್ತಿತ್ತು.

ಇಳಿಜಾರು ಮುಗಿಯಿತು. ಹೊಗೆಯ ವಾಸನೆ ಬಂತು, ನಾಯಿ ಬೊಗಳಿತು. ಬೆಂಕಿಯ ಬೆಳಕಿನಲ್ಲಿ ನಮ್ಮ ಮುಂದೆ ನಡೆಯುತ್ತಿದ್ದವರು ನಿಂತು ತಿರುಗಿ ನೋಡಿದರು.

ಮುದಿ ಟಗರು. ಸುತ್ತಿದ ಕೊಂಬು. ಮೂತಿಗೆ ಶೇಂಗಾ ಹಿಂಡಿ. ತುಟಿಯ ಮೂಲೆಯಲ್ಲಿ ಬೀಡಿಯ ತುಂಡು.

ಅದು ಕೆಮ್ಮಿತು.

“ನಮಸ್ಕಾರ ಮಾಡಬೇಕೇನ್ರಿ?” ಎಂದಳು ಮಲ್ಲಮ್ಮ.

ಮೇಲಿನ ಗುಡ್ಡಗಳಿಂದ ಚಳಿಗಾಲಕ್ಕೆ ಹಿಂಡು ಇಳಿಸಿಕೊಂಡು ಬಂದ ಒಬ್ಬ ಮುದುಕ ಕುರಿಗಾರನ ಬಿಡಾರ ಅದು. ಮಂಜಿನಲ್ಲಿ ಮುದುಕ ಕುರಿ ಎಣಿಸುತ್ತಿದ್ದ. ಒಂದೊಂದರ ಬೆನ್ನಿಗೂ ಕೋಲು ಮುಟ್ಟಿಸುತ್ತ, ತನ್ನಷ್ಟಕ್ಕೆ ಗುಣಗುಣಿಸುತ್ತ. ಕುರಿ ಕಂಡು ನನಗೆ ಧೈರ್ಯ ಬಂತು. ಕಂಬಳಿ ತಲೆಯ ಮೇಲೆ ಎಳೆದುಕೊಂಡು ಅವುಗಳ ನಡುವೆ ಕುಕ್ಕರಗಾಲಲ್ಲಿ ಕೂತೆ. ಬೆಚ್ಚಗಿತ್ತು.

ಎಣಿಕೆ ಮುಗಿಸಿದ ಮುದುಕ ಹುಬ್ಬು ಗಂಟಿಕ್ಕಿ ಏನೋ ಅಂದ. ಖೈರುನ್‌ಬಿಯಿಂದ ಕಲಿತ ಉರ್ದುವಿನಲ್ಲಿ ಮಲ್ಲಮ್ಮ ವಿಚಾರಿಸಿದಳು.

“ಒಂದು ಹೆಚ್ಚು ಬರಾಕತ್ತದಂತ್ರಿ.”

ಮತ್ತೆ ಎಣಿಸಿದ. ಮತ್ತೆ ಒಂದು ಹೆಚ್ಚು. ಮುದುಕ ಕೋಲು ಕೆಳಗಿಟ್ಟು ದೇವರ ಹೆಸರು ಹೇಳಿದ. ಟಗರಲ್ಲದಿದ್ದರೆ ಅಪ್ಪ ಇನ್ನೆಲ್ಲಿರಬೇಕು ಎಂದು ನನಗೆ ಆಗ ಹೊಳೆಯಿತು. ಅವನು ಹಿಂಡಿನಲ್ಲಿ ಸೇರಿಕೊಂಡಿದ್ದಾನೆ. ಕಾಗೆಗೆ ಕೊಟ್ಟ ಮಾತು ನಡೆದಿದೆ. ನಾನು ಉಸಿರು ಬಿಗಿಹಿಡಿದು, ಪಕ್ಕದಲ್ಲಿದ್ದ ಒಂದೊಂದೇ ಮುಖ ನೋಡತೊಡಗಿದೆ.

ಮೂರನೆಯ ಸಲ ಮಲ್ಲಮ್ಮ ಮುದುಕನ ಕೋಲಿನ ಹಿಂದೆಯೇ ಕಣ್ಣು ಓಡಿಸಿದಳು. ಕೋಲು ಬಂತು. ನನ್ನ ಬೆನ್ನಿಗೆ ತಟ್ಟಿತು. ಮುಂದೆ ಹೋಯಿತು.

“ರೀ,” ಎಂದಳು. “ಆಚಿ ಬರ್ರಿ. ನಿಮ್ಮನ್ನೂ ಎಣಸಾಕತ್ತಾರ.”

ಬೇಸಿಗೆಯಿಂದ ಅವಳು ನಕ್ಕಿರಲಿಲ್ಲ. ಅವತ್ತು ಹುಲ್ಲಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಮುದುಕನೂ ನಕ್ಕ. ನಾನು ಪಕ್ಕಕ್ಕೆ ಬಂದು ನಿಂತೆ. ಅವನು ಇನ್ನೊಮ್ಮೆ ಎಣಿಸಿದ. ಲೆಕ್ಕ ಸರಿಬಂತು. ಸರಿಬಂತಲ್ಲ ಎಂದು ನನಗೆ ಸಣ್ಣಗೆ ಬೇಸರವಾಯಿತು.

ನಾವು ಇಳಿದಿದ್ದ ಮನೆ ಆ ಬಿಡಾರದಿಂದ ಕೂಗಳತೆಯಲ್ಲಿತ್ತು. ಹಿಕ್ಕೆಯ ಹಿಂದೆ ಬಿದ್ದು ಇಡೀ ದಿನ ಅದೇ ಗುಡ್ಡ ಸುತ್ತಿದ್ದೆವು.

ವಾಪಸು ಬಂದ ದಿನ ಕಾಕಾ ಫೋನು ಮಾಡಿದ. “ಅಲ್ಲಿ ಕಾಗಿ ಮುಟ್ಟಿತೇನು?”

“ಟಗರು ಮುಟ್ಟಿತ್ರಿ,” ಎಂದಳು ಮಲ್ಲಮ್ಮ. “ಬೀಡಿ ಸಮೇತ.”

“ನಮ್ಮಣ್ಣ ಬುತ್ತಿ ಬಿಚ್ಚಿದ್ರ ಮೊದಲ ತುಂಡು ಟಗರಿಗೇ ಹಾಕ್ತಿದ್ದ,” ಎಂದ ಕಾಕಾ. “ಮುಟ್ಟಿತು ಬಿಡವ್ವ.”

ಈಗ ರಾಯಚೂರಿನಲ್ಲಿ ಬೆಳಗಿನ ಹೊತ್ತು ಸ್ವಲ್ಪ ಚಳಿ. ನಾನು ಕಂಬಳಿ ಹೊದ್ದು, ಬಾಗಿಲ ಬಳಿ ಅಪ್ಪ ಕೂರುತ್ತಿದ್ದ ಜಾಗದಲ್ಲಿ ಕೂರುತ್ತೇನೆ. ಅಂಗಳ ಗುಡಿಸಲು ಹೊರಟ ಮಲ್ಲಮ್ಮ ಹಾದುಹೋಗುವಾಗ ಕಸಬರಿಗೆಯ ಹಿಡಿಯಿಂದ ನನ್ನ ಬೆನ್ನಿಗೆ ಮೆಲ್ಲಗೆ ತಟ್ಟಿ, “ಒಂದು” ಅನ್ನುತ್ತಾಳೆ.

ನಾನು ಕೆಮ್ಮುತ್ತೇನೆ.