ನೈಗಾಗಾಳ ಜಡೆಗೆ ಬಿದ್ದ ದಂಡ

"ದಂಡ ಕಟ್ಟೋರು ಬೇರೆ, ಈ ಇಸಾಬಿರ್ಯೆ ಬೇರೆ! ಕೋರ್ಟಲ್ಲೇ ನೋಡ್ಕೋತೀನಿ!"

ಜಿಂಜಾ ಮಾರುಕಟ್ಟೆಯ ಬೋಡಾ ಸ್ಟೇಜಿನಲ್ಲಿ, ಅಂದರೆ ಬಾಡಿಗೆ ಬೈಕುಗಳ ನಿಲ್ದಾಣದಲ್ಲಿ, ಇಸಾಬಿರ್ಯೆ ಎದೆ ತಟ್ಟಿಕೊಂಡು ಸಾರಿದ. ಹಿಂದೆ ಕೂತವರ ತಲೆಗೆ ಹೆಲ್ಮೆಟ್ ಇಲ್ಲವೆಂದು ಪೊಲೀಸಪ್ಪ ಅವನಿಗೆ ಚೀಟಿ ಹರಿದುಕೊಟ್ಟಿದ್ದ. ಬೇರೆ ಬೈಕಿನವರಾಗಿದ್ದರೆ ತೆಪ್ಪಗೆ ದಂಡ ಕಟ್ಟಿ ಚಪಾತಿ ತಿನ್ನಲು ಹೋಗುತ್ತಿದ್ದರು. ಆದರೆ ಭಾನುವಾರ ಸ್ಟೇಜಿನ ಅಧ್ಯಕ್ಷರ ಚುನಾವಣೆ. ಕೇಸಿನಲ್ಲಿ ತಪ್ಪಿತಸ್ಥನಾದವನು ಅದಕ್ಕೆ ನಿಲ್ಲುವಂತಿಲ್ಲ. ಎದುರಾಳಿ ಕಗೋಡಾ ಆಗಲೇ ಮಾವಿನ ಮರದಡಿಯ ಅಧ್ಯಕ್ಷರ ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸಿ ಒರೆಸಿ ಇಡುತ್ತಿದ್ದ.

ಅಂದು ಬೈಕಿನ ಹಿಂದೆ ಕೂತಿದ್ದವಳು ಸಾಕ್ಷಾತ್ ಇಸಾಬಿರ್ಯೆಯ ಹೆಂಡತಿ ನೈಗಾಗಾ. ಇಡೀ ದಿನ ಸಲೂನಿನಲ್ಲಿ ಕೂತು, ಇಬ್ಬರು ಹುಡುಗಿಯರ ಬೆರಳು ಸವೆಸಿ, ಎಳೆ ಎಳೆಯಾಗಿ ಜಡೆ ಹೆಣೆಸಿ, ಎಲ್ಲವನ್ನೂ ನೆತ್ತಿಯ ಮೇಲೆ ಗೋಪುರವಾಗಿ ಕಟ್ಟಿಸಿಕೊಂಡು ಬಂದಿದ್ದಳು. ಗಂಡ ಹೆಲ್ಮೆಟ್ ಚಾಚಿದಾಗ ಅವಳು ನೋಡಿದ ನೋಟಕ್ಕೆ ಅವನು ಸುಮ್ಮನೆ ಅದನ್ನು ಹ್ಯಾಂಡಲಿಗೆ ತೂಗುಹಾಕಿದ್ದ. ಈಗ ಅವಳೇ ಅವನ ಏಕೈಕ ಸಾಕ್ಷಿ.

"ಹಾಕ್ಕೊಂಡಿದ್ದೆ ಅನ್ನು, ಸಾಕು. ತಲೆಗೊಂದು ಬಟ್ಟೆ ಸುತ್ಕೋ ಮಾರಾಯ್ತಿ," ಎಂದು ಅವನು ಬೇಡಿಕೊಂಡ.

"ಕೋರ್ಟಿಗೆ ಅಷ್ಟು ಜನ ಬರ್ತಾರೆ. ಬಟ್ಟೆ ಸುತ್ಕೊಂಡು ಹೋಗೋಕೆ ನಂಗೇನು ತಲೆನೋವಾ?" ಎಂದಳು ನೈಗಾಗಾ. ಕೇಸಿನ ದಿನ ಗಂಡ ಬೈಕಿನಲ್ಲಿ ಬಂದರೆ, ಹೆಲ್ಮೆಟ್ಟಿನ ಗೊಡವೆಯೇ ಬೇಡವೆಂದು ಅವಳು ಬಾಡಿಗೆ ವ್ಯಾನು ಹತ್ತಿ ಬಂದಳು. ವ್ಯಾನಿನ ಚಾವಣಿ ಜಡೆಗೆ ತಗುಲಿತೆಂದು ಕೋರ್ಟಿನ ಬಾಗಿಲವರೆಗೂ ಗೊಣಗಿದಳು.

ಒಳಗೆ ಇಸಾಬಿರ್ಯೆ ಭಾಷಣವನ್ನೇ ಬಿಗಿದ. ತನ್ನ ಬೈಕಿನಲ್ಲಿ ಕೋಳಿ ಕೂತರೂ ಹೆಲ್ಮೆಟ್ ಹಾಕಿಯೇ ಕೂರಬೇಕೆಂದ. ನೈಗಾಗಾ ಕೂಡ ಪಾಠ ಒಪ್ಪಿಸಿದಳು: ಹಾಕಿದ್ದೆ. ಮ್ಯಾಜಿಸ್ಟ್ರೇಟಮ್ಮ ತಲೆಯಾಡಿಸಿದರು. ಇಸಾಬಿರ್ಯೆಗೆ ಪ್ಲಾಸ್ಟಿಕ್ ಕುರ್ಚಿ ತನ್ನ ಬೆನ್ನಿಗೆ ತಾಗಿದಂತೆಯೇ ಆಯಿತು.

ಆಗ ಪೊಲೀಸಪ್ಪ ಎದ್ದುನಿಂತ. "ಹೆಲ್ಮೆಟ್ ಹಾಕಿದ್ರೆ ಆ ಜಡೆ ಅಪ್ಪಚ್ಚಿ ಆಗಿರ್ಬೇಕಲ್ಲ ತಾಯಿ? ಅಪ್ಪಚ್ಚಿ ಆಗಿತ್ತು ಅಂತ ಇವರೇ ಹೇಳ್ಲಿ, ನಾನು ಕೇಸು ಬಿಡ್ತೀನಿ."

ಕೋರ್ಟಿಗೆ ಕೋರ್ಟೇ ಅವಳ ನೆತ್ತಿಯತ್ತ ನೋಡಿತು. ಇಸಾಬಿರ್ಯೆ ಕಣ್ಣಲ್ಲೇ ಅವಳ ಕಾಲಿಗೆ ಬಿದ್ದ. ನೈಗಾಗಾ ಜಡೆಯನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಗಂಡನ ಮೇಲೆ ಅವಳಿಗೆ ಪ್ರೀತಿ ಇಲ್ಲದೆ ಇರಲಿಲ್ಲ. ಆದರೂ ಎಲ್ಲದಕ್ಕೂ ಒಂದು ಮಿತಿ ಇದೆ.

"ಯಾರ ಜಡೆ ಅಪ್ಪಚ್ಚಿ? ಮನೆ ಸೇರೋವರೆಗೂ ಒಂದೆಳೆ ಅಲ್ಲಾಡಿಲ್ಲ! ಇದರ ಮೇಲೆ ಹೆಲ್ಮೆಟ್ ಇಡೋ ಧೈರ್ಯ ಇವನಿಗೆಲ್ಲಿಂದ ಬರ್ಬೇಕು?"

ತೀರ್ಪಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ದಂಡ ಬಿತ್ತು. ಜೊತೆಗೆ, ಹೆಲ್ಮೆಟ್ ಹಾಕದೆ ಈಕೆ ಬೈಕಿನಲ್ಲಿ ಹೋದರೆ ಇನ್ನೊಂದು ಕೇಸು ಎಂಬ ಎಚ್ಚರಿಕೆ ಬೇರೆ. ಮುಂದಿನ ಕೇಸು ಕರೆಯುವ ಮುನ್ನ ಮ್ಯಾಜಿಸ್ಟ್ರೇಟಮ್ಮ ತಗ್ಗಿದ ದನಿಯಲ್ಲಿ ನೈಗಾಗಾಳಿಂದ ಸಲೂನಿನ ವಿಳಾಸ ಕೇಳಿಕೊಂಡರು.

ಹೊರಗೆ ಗೇಟಿನಲ್ಲಿ ಪೊಲೀಸಪ್ಪ ಕೈಕಟ್ಟಿ ನಿಂತಿದ್ದ. ಹೆಲ್ಮೆಟ್ ಹಾಕಲು ನೈಗಾಗಾ ಒಪ್ಪಲಿಲ್ಲ. ವ್ಯಾನು ಹತ್ತಲೂ ಒಪ್ಪಲಿಲ್ಲ. ಹೊಸ ಚಪ್ಪಲಿಯಲ್ಲಿ ನಡೆಯುವ ಮಾತಂತೂ ಎತ್ತುವಂತಿರಲಿಲ್ಲ. ಕೊನೆಗೆ ಇಸಾಬಿರ್ಯೆ ಇಂಜಿನ್ ಆರಿಸಿ, ಅವಳನ್ನು ಸೀಟಿನ ಮೇಲೆ ಕೂರಿಸಿ ಬೈಕನ್ನು ತಳ್ಳತೊಡಗಿದ. ತಳ್ಳುವ ಬೈಕಿಗೆ ಚೀಟಿ ಹರಿಯುವ ಕಾನೂನು ಪೊಲೀಸಪ್ಪನಿಗೂ ಹೊಳೆಯಲಿಲ್ಲ.

ದಾರಿ ಸ್ಟೇಜಿನ ಮುಂದೆಯೇ ಹಾದುಹೋಗುತ್ತಿತ್ತು. ಮಾವಿನ ಮರದಡಿ ಕಗೋಡಾ ಆಗಲೇ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಸವಾರರೆಲ್ಲ ಒಟ್ಟಿಗೆ ಹಾರ್ನ್ ಬಾರಿಸಿದರು. ಬೆವರು ಇಳಿಸುತ್ತಾ ಇಸಾಬಿರ್ಯೆ ತಲೆ ತಗ್ಗಿಸಿ ಜೋರಾಗಿ ತಳ್ಳಿದ. ಹಿಂದಿನಿಂದ ಹೆಂಡತಿ ಅವನ ಹೆಗಲು ತಟ್ಟಿದಳು.

"ಸ್ವಲ್ಪ ನಿಧಾನ ಮಾರಾಯ. ಆ ಕಡೆಯವರು ಇನ್ನೂ ನೋಡಿಲ್ಲ."