ವಾಲ್ವ್ ಸ್ಪ್ರಿಂಗ್ ಬದಲಾಯಿಸುವ ವಿಚಾರ

ಓದಿದವನಿಗೆ ಅಂಟುವ ದೊಡ್ಡ ರೋಗವೆಂದರೆ, ಸರಿಯಾಗಿ ನಡೆಯುತ್ತಿರುವುದನ್ನು ಬಿಚ್ಚಿ ನೋಡಬೇಕೆನ್ನಿಸುವುದು. ಓದದವನು ಗಾಡಿ ನಿಂತಾಗ ಮೆಕ್ಯಾನಿಕ್ ಹತ್ತಿರ ಹೋಗುತ್ತಾನೆ. ನನ್ನಂಥವನು ಚೆನ್ನಾಗಿ ಓಡುವಾಗಲೂ ಹೋಗುತ್ತಾನೆ. ನಾನು ಬಿ.ಎಸ್ಸಿ. ಯಾರೂ ಕೇಳದಿದ್ದರೂ ಇದನ್ನು ಹೇಳುವುದು ನನ್ನ ಅಭ್ಯಾಸ. ನಮ್ಮ ಮನೆತನದಲ್ಲಿ ನನಗಿಂತ ಮುಂಚೆ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದವರು ಯಾರೂ ಇಲ್ಲ. ಕೊನೇ ವರ್ಷದ ಭೌತಶಾಸ್ತ್ರವನ್ನು ಎರಡು ಸಲ ಬರೆದು ಪಾಸಾದೆ. ಒಂದೇ ಸಲಕ್ಕೆ ಪಾಸಾದವರಿಗಿಂತ ನನಗೆ ಅದು ಎರಡು ಪಟ್ಟು ಗೊತ್ತು ಎಂದು ಈಗಲೂ ವಾದಿಸುತ್ತೇನೆ. ಮನೆ ಬಾಗಿಲಿಗೆ ಹಲಗೆ ಬರೆಸಿದಾಗ ಪೇಂಟರು ಹೆಸರನ್ನು ಚಿಕ್ಕದಾಗಿ, ಬಿ.ಎಸ್ಸಿ.ಯನ್ನು ದಪ್ಪಕ್ಷರದಲ್ಲಿ ಬರೆದ. ನಾನು ತಿದ್ದಿಸಲು ಹೋಗಲಿಲ್ಲ.

ತಿ. ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ಕೆಲವು ವರ್ಷ ಬಸ್ಸಿನಲ್ಲಿ ನೇತಾಡಿದ ಮೇಲೆ, ಹೊಸ ಶತಮಾನ ಶುರುವಾದ ಹೊತ್ತಿಗೆ ಒಂದು ಮೋಟರ್ ಸೈಕಲ್ ತಗೊಂಡೆ. ಅದೂ ಮೇಷ್ಟ್ರುಗಳು ತೆಗೆದುಕೊಳ್ಳುವಂಥ ಸಾಧು ಗಾಡಿಯಲ್ಲ. ಹುಡುಗರು ಗೋಡೆಗೆ ಪಟ ಅಂಟಿಸಿಕೊಳ್ಳುವಂಥ, ಓಟಕ್ಕೆಂದೇ ಮಾಡಿದ ಫೋರ್ ಸ್ಟ್ರೋಕ್. ಇಂಜಿನ್ ನಿಮಿಷಕ್ಕೆ ಎಷ್ಟು ಸಾವಿರ ಸಲ ತಿರುಗುತ್ತಿದೆ ಎಂದು ತೋರಿಸುವ ಮೀಟರ್ ಬೇರೆ. ನಮ್ಮ ಮನೆಗೆ ಅದು ಮೊದಲ ವಾಹನ. ಅದಕ್ಕೆ ಮುಂಚೆ ಒಂದು ಸೈಕಲ್ಲೂ ಇರಲಿಲ್ಲ. ನಮ್ಮೂರು ದೇವನೂರಿನಿಂದ ನಂಜನಗೂಡಿಗೆ ಆಯುಷ್ಯವಿಡೀ ಕೂಲಿಗೆ ನಡೆದು ಹೋದ ನಮ್ಮಪ್ಪ, ದಿನಾ ಬೆಳಿಗ್ಗೆ ಹೆಗಲ ಟವೆಲ್ಲಿನಿಂದ ಅದನ್ನು ಒರೆಸಿ, ಆಮೇಲೆ ಅದೇ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ.

ಹೀಗೆ ಸುಖವಾಗಿದ್ದಾಗ ಮೈಸೂರಿನ ಹಳೇ ಪುಸ್ತಕದಂಗಡಿಯಲ್ಲಿ ಒಂದು ಇಂಗ್ಲಿಷ್ ಮೋಟರ್ ಪತ್ರಿಕೆ ಸಿಕ್ಕಿತು. ಡಿಕ್ಷನರಿ ಇಟ್ಟುಕೊಂಡು ಓದಿದೆ. ಇಂಜಿನ್ನಿಗೆ ಗಾಳಿ, ಪೆಟ್ರೋಲು ಒಳಗೆ ಬರಲು ಒಂದು ಬಾಗಿಲು, ಹೊಗೆ ಆಚೆ ಹೋಗಲು ಒಂದು ಬಾಗಿಲು, ಅವೇ ವಾಲ್ವ್‌ಗಳು. ಅವನ್ನು ಮುಚ್ಚುವುದು ಸ್ಪ್ರಿಂಗ್. ಇಂಜಿನ್ ಮಿತಿಮೀರಿ ತಿರುಗಿದರೆ ಸ್ಪ್ರಿಂಗ್ ಸೋತು, ಬಾಗಿಲು ಮುಚ್ಚುವ ಮೊದಲೇ ಮತ್ತೆ ತೆರೆಯುವ ಹೊತ್ತಾಗುತ್ತದೆ. ನಮ್ಮ ಶಾಲೆಯಲ್ಲಿ ಊಟದ ಗಂಟೆ ಹೊಡೆದಾಗ ಕ್ಲಾಸಿನ ಬಾಗಿಲಿಗೆ ಆಗುವುದೂ ಇದೇ. ಅದಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿಸಬೇಕಂತೆ. ನೋಟ್‌ಬುಕ್ಕಿನ ನಾಲ್ಕು ಪುಟ ಲೆಕ್ಕ ಮಾಡಿದೆ. ಒಂಬತ್ತು ಸಾವಿರ ದಾಟಿದರೆ ನನ್ನ ಗಾಡಿಗೂ ಈ ಗಂಡಾಂತರ ಇದೆಯೆಂದು ಸಾಬೀತಾಯಿತು. ಅದನ್ನು ಸ್ಟಾಫ್ ರೂಮಿನಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದ್ದು ನನ್ನ ತಪ್ಪು. ಪಿ.ಟಿ. ಮೇಷ್ಟ್ರು ಅಂದಿನಿಂದ ದಿನಾ ಸ್ಪ್ರಿಂಗ್ ಹಾಕಿಸಿದಿರಾ ಎಂದು, ಮನೆಯಲ್ಲಿ ಮಗು ಹುಟ್ಟಿತೇ ಎಂದು ಕೇಳುವ ಹಾಗೆ ವಿಚಾರಿಸತೊಡಗಿದರು.

ನಂಜನಗೂಡಿನಲ್ಲಿ ನನ್ನ ಗಾಡಿ ಮುಟ್ಟುವವನು ನಾಗಣ್ಣ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ನನ್ನ ನಾಲ್ಕು ಪುಟವನ್ನು ಗ್ರೀಸ್ ಬೆರಳು ತಾಗದಂತೆ ಅಂಚಿನಲ್ಲಿ ಹಿಡಿದು, ಗೌರವದಿಂದ ನೋಡಿ ವಾಪಸ್ ಕೊಟ್ಟ.

"ಈಗ ಗಾಡೀಲಿ ಏನ್ ತೊಂದ್ರೆ ಸಾ?"

"ಈಗ ಇಲ್ಲ. ಒಂಬತ್ತು ಸಾವಿರ ದಾಟಿದರೆ ಬರುತ್ತೆ."

"ನೀವು ಯಾವತ್ ದಾಟುದ್ರಿ?"

ಇದು ಸಿದ್ಧಾಂತದ ಪ್ರಶ್ನೆ ಎಂದೆ. ಅವನು ಸ್ಪ್ಯಾನರ್ ಕೆಳಗಿಟ್ಟ. "ಗಟ್ಟಿ ಸ್ಪ್ರಿಂಗ್ ಆಕುದ್ರೆ ವಾಲ್ವ್ ತಳ್ಳೋ ಕ್ಯಾಮ್ ಬೇಗ ಸವೀತದೆ ಸಾ. ಇಂಜಿನ್ ಎಡ್ ಬಿಚ್ಚುದ್ ಮೇಲೆ ಕಂಪ್ನಿಯವ್ರು ಕೂರ್ಸಿದಂಗೆ ಕೂರ್ಸಾದು ನನ್ ಕೈಲೂ ಗ್ಯಾರಂಟಿ ಇಲ್ಲ. ಒಂದ್ ದಪ ಒಂಬತ್ ಸಾವ್ರಕ್ಕೆ ಓಗಿ. ಇಂಜಿನ್ ಸದ್ದು ಒಡುದ್ರೆ ಬನ್ನಿ, ಬಿಚ್ಚುವ."

ನನ್ನ ಸಂಕಟ ನಿಮಗೆ ಅರ್ಥವಾಗಬೇಕು. ಬಿಚ್ಚಿಸದೆ ಸುಮ್ಮನಾದರೆ ಬಿ.ಎಸ್ಸಿ. ಏಳನೇ ಕ್ಲಾಸಿಗೆ ಸೋತಂತೆ. ಬಿಚ್ಚಿಸಿ ಕೆಟ್ಟರೆ, ಅಪ್ಪ ದಿನಾ ಬೆಳಿಗ್ಗೆ ನಿಂತ ಗಾಡಿಯನ್ನು ಒರೆಸಬೇಕು. ಆದ್ದರಿಂದ ಒಂಬತ್ತು ಸಾವಿರ ಮುಟ್ಟಿಯೇ ತೀರುವುದೆಂದು ಹೊರಟೆ.

ನಂಜನಗೂಡಿನಿಂದ ನರಸೀಪುರದವರೆಗೆ ರಸ್ತೆ ಇರುವುದು ನಿಜ. ಅದು ನನ್ನದಲ್ಲ ಎಂದು ಆ ವಾರ ಗೊತ್ತಾಯಿತು. ಆರು ಸಾವಿರಕ್ಕೆ ಮುಳ್ಳು ಏರುವಷ್ಟರಲ್ಲಿ ಯಾವನೋ ಶಿಷ್ಯ ಸೈಕಲ್ ಮೇಲಿಂದ ನಮಸ್ಕಾರ ಸಾ ಅನ್ನುತ್ತಾನೆ. ಮೇಷ್ಟ್ರಾದವನು ಪ್ರತಿನಮಸ್ಕಾರ ಮಾಡದೆ ಹೋಗುವಂತಿಲ್ಲ; ಆಕ್ಸಿಲರೇಟರ್ ಇರುವುದು ಬಲಗೈಯಲ್ಲಿ. ಮತ್ತೊಬ್ಬರು ಕೈ ಅಡ್ಡ ಹಾಕಿ, ಮಗಳ ಆದಾಯ ಸರ್ಟಿಫಿಕೇಟಿಗೆ ಅರ್ಜಿ ಬರೆದುಕೊಡಿ ಎಂದು ಗಾಡಿಯ ಸೀಟಿನ ಮೇಲೇ ಹಾಳೆ ಹರಡುತ್ತಾರೆ. ಅಷ್ಟರ ಮೇಲೆ ಹುರುಳಿ ಒಕ್ಕಣೆಯ ಕಾಲ. ರಸ್ತೆ ತುಂಬ ಹುರುಳಿ ಗಿಡ ಹರಡಿ, ಹೋಗಿ ಬರುವ ಗಾಡಿಗಳ ಚಕ್ರದಲ್ಲೇ ಒಕ್ಕಿಸಿಕೊಳ್ಳುತ್ತಾರೆ. ಪಕ್ಕದಲ್ಲಿ ತಪ್ಪಿಸಿಕೊಂಡು ನುಗ್ಗಲು ನೋಡಿದರೆ, ಕಾಯುತ್ತ ಕುಳಿತಿದ್ದ ಅಜ್ಜಿ ಗದರಿತು: "ಬಿರ್ರನೆ ಓದ್ರೆ ಕಾಳು ಸಿಡೀತದೆ ಕಣಪ್ಪ. ಮೇಲತ್ಸಿ ನಿಧಾನಕ್ಕೆ ತುಳ್ಸು." ತುಳಿಸಿದೆ. ಓಟದ ಗಾಡಿ, ಎರಡು ಸಾವಿರ.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಅಪ್ಪನನ್ನು ನರಸೀಪುರದ ಅತ್ತೆಯ ಮನೆಗೆ ಕರೆದುಕೊಂಡು ಹೊರಟೆ. ಅಪ್ಪ ಒಗೆದ ಬಿಳೀ ಅಂಗಿ ತೊಟ್ಟು ಹಿಂದೆ ಕೂತ. ನಂಜನಗೂಡು ದಾಟಿದರೆ, ಏನು ಪುಣ್ಯವೋ, ರಸ್ತೆ ಖಾಲಿ. ಹುರುಳಿ ಇಲ್ಲ, ಶಿಷ್ಯರಿಲ್ಲ. ಗಟ್ಟಿಯಾಗಿ ಹಿಡಿದುಕೋ ಎಂದು ಹೇಳಿ ಆಕ್ಸಿಲರೇಟರ್ ತಿರುಚಿದೆ. ಆರು, ಏಳು, ಎಂಟು ಸಾವಿರ. ಇಂಜಿನ್ನು ನಾನೆಂದೂ ಕೇಳದ ದನಿಯಲ್ಲಿ ಹಾಡುತ್ತಿತ್ತು. ಮುಳ್ಳು ಒಂಬತ್ತರ ಹತ್ತಿರ ಬಂದಾಗ ಅಪ್ಪನ ಕೈ ಹೆಗಲ ಮೇಲೆ ಬಿತ್ತು. ಹೆದರಿರಬೇಕೆಂದು ಗಾಡಿ ನಿಧಾನ ಮಾಡಿದೆ. ಅಪ್ಪ ಹೆದರಿರಲಿಲ್ಲ, ಬೇಜಾರು ಮಾಡಿಕೊಂಡಿದ್ದ.

"ಇಂಗ್ ಓದ್ರೆ ನಾವು ಯಾರು ಅಂತ ಯಾರ್ಗ್ ಕಾಣ್ತದ್ಲಾ ಮಗ?" ಅಂದ. "ಇಂತಾ ರಸ್ತೇಲಿ ಎಷ್ಟ್ ಜನದ ಗಾಡಿಗೆ ಪಕ್ಕಕ್ ನಿಂತು ದಾರಿ ಬುಟ್ಟಿವ್ನಿ. ಒಂದಿನಾದ್ರೂ ನನ್ನ ನೋಡ್ಲಿ ಕಣ್ಲಾ."

ಅಲ್ಲಿಂದ ನರಸೀಪುರದವರೆಗೆ ಮೂರು ಸಾವಿರ ದಾಟಿಸಲಿಲ್ಲ. ಊರು ಬಂದಾಗಲೆಲ್ಲ ಅಪ್ಪ ಬೆನ್ನು ನೆಟ್ಟಗೆ ಮಾಡಿ, ಗುರುತಿದ್ದವರಿಗೂ ಇಲ್ಲದವರಿಗೂ ಕೈ ಎತ್ತುತ್ತಿದ್ದ. ಒಬ್ಬರು ನಿಲ್ಲಿಸಿ ಯಾರಿದು ಎಂದು ಕೇಳಿದ್ದಕ್ಕೆ, ನನ್ನ ಹೆಸರು ಹೇಳದೆ ಮೊದಲು ನನ್ನ ಡಿಗ್ರಿ ಹೇಳಿದ. ಈ ಅಭ್ಯಾಸ ನನಗೆ ಎಲ್ಲಿಂದ ಬಂತೆಂದು ಆಗ ತಿಳಿಯಿತು.

ಸಂಜೆ ವಾಪಸ್ ಬರುವಾಗ ನಾಗಣ್ಣನ ಅಂಗಡಿ ಮುಂದೆ ನಿಲ್ಲಿಸಿದೆ. ಸದ್ದು ಒಡೆಯಿತೇ ಎಂದು ಕೇಳಿದ. ಸ್ಪ್ರಿಂಗ್ ಬೇಡ, ಇರುವುದೇ ಇರಲಿ ಎಂದೆ. ಅವನು ಅಪ್ಪನ ಕಡೆ ನೋಡಿ ಚಾ ತರಿಸಿದ. ಪಿ.ಟಿ. ಮೇಷ್ಟ್ರಿಗೆ ಮಾತ್ರ ಕ್ಯಾಮ್ ಸವೆತದ ಬಗ್ಗೆ ಇನ್ನೊಂದು ಚಿತ್ರ ಬರೆದು ತೋರಿಸುವುದೆಂದು ಅಲ್ಲೇ ತೀರ್ಮಾನಿಸಿದೆ. ಸೋತದ್ದು ನಾನೇ ಹೊರತು ಭೌತಶಾಸ್ತ್ರವಲ್ಲ.

ದೇವನೂರಿಗೆ ಬಂದಾಗ ಇನ್ನೂ ಬೆಳಕಿತ್ತು. ಗಾಡಿಯನ್ನು ಎರಡನೇ ಗೇರಿಗೆ ಇಳಿಸಿ, ಕಾಲರ್ ಸರಿಮಾಡಿಕೊಂಡು ಊರೊಳಗೆ ನುಗ್ಗಿದೆ. ದುರದೃಷ್ಟಕ್ಕೆ ಟೀ ಅಂಗಡಿಯ ಕಟ್ಟೆಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಮನೆ ಮುಂದೆ ಅಪ್ಪ ಇಳಿದು, ಒಳಗೆ ಹೋಗಿ ಕಾಲು ತೊಳೆದುಕೊಂಡ. ಅವನಿಗೆ ಆ ದಿನಕ್ಕೆ ಸಾಕಾಗಿತ್ತು. ನಾನು ಸ್ವಲ್ಪ ಹೊತ್ತು ಕಾದು, ಕಟ್ಟೆಯ ಕಡೆ ಮಾತು ಕೇಳಿಸಿದ ಮೇಲೆ, ಬೆಂಕಿಪೊಟ್ಟಣ ತರುವ ನೆಪ ಹೇಳಿ ಗಾಡಿ ಸ್ಟಾರ್ಟ್ ಮಾಡಿದೆ. ಅಂಗಡಿ ಇರುವುದು ನಮ್ಮ ಮನೆಯಿಂದ ಇಪ್ಪತ್ತು ಹೆಜ್ಜೆ.