ನ್ಯಾಯಾಧೀಶರ ‘ಆದರೆ’

ಕೋರ್ಟಿನಲ್ಲಿ ಟೈಪು ಮಾಡುವವನಿಗೆ ಸ್ವಂತ ಅಭಿಪ್ರಾಯ ಇರಬಾರದು. ನನಗೆ ಬೇಕಾದಷ್ಟಿದ್ದವು. ಜಮಖಂಡಿ ಕೋರ್ಟಿನಲ್ಲಿ ನ್ಯಾಯಾಧೀಶರು ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ; ಸಾಕ್ಷಿದಾರರು ಬಾಯಿ ತೆರೆಯುವ ಮೊದಲೇ ತೀರ್ಪು ಕೊಡುವುದು ನನ್ನ ಚಟ. “ಇವತ್ತ ಯಾರನ್ನ ಗೆಲ್ಲಿಸಿ ಬಂದ್ರಿ?” ಎನ್ನುತ್ತಲೇ ಹೆಂಡತಿ ಚಹಾ ಕೊಡುತ್ತಿದ್ದಳು. ನನ್ನ ತೀರ್ಪನ್ನು ಮೇಲಿನ ಯಾವ ಕೋರ್ಟೂ ತಳ್ಳಿಹಾಕಿದ್ದಿಲ್ಲ. ಅದು ಅಡುಗೆಮನೆ ದಾಟಿದರೆ ತಾನೆ!

ಆ ಸಲ ನಾನು ಗೆಲ್ಲಿಸಿದ್ದು ಕಲ್ಲವ್ವನನ್ನು. ಗಲಗಲಿ ಕಡೆಯ ಅಜ್ಜಿ. ಅಣೆಕಟ್ಟಿನ ಹಿನ್ನೀರು ಬಂದು ಹಳೇ ಮನಿ ಮುಳುಗಿದ ಮೇಲೆ ಹೊಸ ಊರಿಗೆ ಬಂದವಳು. ಮಗ ತೀರಿಕೊಂಡ, ಸೊಸೆ ಶೋಭಾ ಕ್ಷಯ ಹಿಡಿದು ಬನಹಟ್ಟಿಯ ತವರು ಸೇರಿದಳು. ಮೊಮ್ಮಗಳು ಗೌರಿಯನ್ನು ಸಾಕಿದ್ದು ಅಜ್ಜಿ. ಈಗ ಶೋಭಾ ಗುಣವಾಗಿದ್ದಾಳೆ, ಮಗ್ಗದ ಮೇಲೆ ಸೀರೆ ನೇಯುತ್ತಾಳೆ, ಮಗಳನ್ನು ತನಗೆ ಕೊಡಿಸಿ ಎಂದು ಕೇಳುತ್ತಿದ್ದಾಳೆ.

“ಇಕಿ ಮತ್ತ ಹಾಸಿಗಿ ಹಿಡದ್ರ ಕೂಸಿನ್ನ ಯಾರ್ ನೋಡ್ತಾರ್ರೀ?” ಎಂದು ಕಟಕಟೆಯಲ್ಲಿ ಅಜ್ಜಿ ಕೇಳಿದಾಗ ನನಗೆ ನಮ್ಮವ್ವನೇ ಕೇಳಿದಂತಾಯಿತು. ಅಲ್ಲಿಗೆ ನನ್ನ ಮಟ್ಟಿಗೆ ವಿಚಾರಣೆ ಮುಗಿಯಿತು.

ನಮ್ಮ ನ್ಯಾಯಾಧೀಶರಾದ ಮೇಡಮ್ಮವರಿಗೆ ಮುಗಿದಿರಲಿಲ್ಲ. ಡಾಕ್ಟರನ್ನು ಕೇಳಿದರು, ಸಾಲಿ ಮಾಸ್ತರರನ್ನು ಕೇಳಿದರು. ಗೌರಿಯನ್ನು ತಮ್ಮ ಕೋಣೆಗೆ ಕರೆಸಿ, ಯಾರ ಹತ್ತಿರ ಇರುತ್ತೀ ಎಂದು ಮಾತ್ರ ಕೇಳದೆ, ಊಟ, ಆಟ, ಗೆಳತಿಯರ ಸುದ್ದಿ ಮಾತಾಡಿದರು. ಹುಡುಗಿಯೇ ಕೊನೆಗೆ ಹೇಳಿದಳು: “ನಾ ಅವ್ವನ ಕಡೆ ಹ್ವಾದ್ರ ಆಯಿ ಅಳತಾಳ. ಆಯಿ ಕಡೆ ಇದ್ರ ಅವ್ವ ಅಳತಾಳ.” ನಾನು ಸುಮ್ಮನೆ ಪೆನ್ನಿನ ಟೊಪ್ಪಿಗೆ ಹುಡುಕಿದೆ.

ತೀರ್ಪು ಹೇಳಿ ಬರೆಸುವ ದಿನ ಅವರು ಅಜ್ಜಿಯನ್ನು ಕುರಿತೇ ಒಂದು ಪುಟ ಹೇಳಿದರು. ಜ್ವರ ಬಂದ ಕೂಸನ್ನು ಹೊತ್ತು ದವಾಖಾನೆಗೆ ನಡೆದದ್ದು, ದಿನಾ ಸಾಲಿಯ ಬಾಗಿಲ ತನಕ ಬಿಟ್ಟು ಬಂದದ್ದು, ಯಾವುದನ್ನೂ ಬಿಡಲಿಲ್ಲ. ಗೆದ್ದೆ ಅಂದುಕೊಂಡು ನಾನು ಉಬ್ಬುತ್ತಿರುವಾಗಲೇ ಅವರು “ಆದರೆ” ಅಂದರು.

ತಾಯಿ ಸಮರ್ಥಳಿದ್ದಾಳೆ, ಮಗುವಿನ ಹಿತ ಅಲ್ಲಿದೆ, ಗೌರಿ ತಾಯಿಯ ಬಳಿ ಇರತಕ್ಕದ್ದು. ರಜೆಯಲ್ಲೆಲ್ಲ ಅಜ್ಜಿಯ ಬಳಿ. ನನ್ನ ಮುಖ ಕಂಡು ಮೇಡಮ್ಮವರು ಮೆಲ್ಲಗೆ ಹೇಳಿದರು: “ನನಗೂ ಮೊದಲ ದಿನ ಅಜ್ಜಿನೇ ಸರಿ ಅನ್ನಿಸಿತ್ತು. ಅನ್ನಿಸಿದ್ದಕ್ಕೆ ಕಾರಣ ಬರೆಯೋಕೆ ಕೂತೆ, ಸಿಗಲಿಲ್ಲ. ಆ ಒಂದು ಪುಟ ಯಾಕಂದ್ರೆ, ಸೋತವರಿಗೆ, ನಮ್ಮ ಮಾತನ್ನೂ ಕೇಳಿದ್ರು ಅಂತಾದ್ರೂ ಅನ್ನಿಸಬೇಕಲ್ಲ.”

ತೀರ್ಪಿನ ಪ್ರತಿ ಹಿಡಿದು ಅಜ್ಜಿ ಪಡಸಾಲೆಯಲ್ಲಿ ನನ್ನನ್ನೇ ಹಿಡಿದಳು. “ಏನ್ ಬರದಾರಪಾ, ಓದು.” ಆ ಪುಟ ಓದಿದೆ. “ಇನ್ನೊಮ್ಮೆ ಓದು” ಎಂದಳು. ಓದಿದೆ. ಅಜ್ಜಿ ಸೊಸೆಯ ಕಡೆ ತಿರುಗಿ, “ಕೇಳ್ದೇನವಾ? ನಾ ಕೂಸಿನ್ನ ಛಲೋ ನೋಡ್ಕೊಂಡೇನಂತ ಸಾಹೇಬ್ರೇ ಬರದಾರ,” ಎಂದಳು.

“ನಾ ಯಾವಾಗ ಇಲ್ಲ ಅಂದೆ ಅತ್ತಿ?” ಶೋಭಾ ಅಜ್ಜಿಯ ಕೈಚೀಲ ತಾನೇ ತೆಗೆದುಕೊಂಡಳು. “ನಡೀರಿ, ಬನಹಟ್ಟಿ ಬಸ್ ಬಂದೈತಿ. ಇವತ್ತೊಂದಿನ ನಮ್ಮಲ್ಲೇ ಇರ್ರಿ.”

ಗೌರಿ ಇಬ್ಬರ ಸೆರಗನ್ನೂ ಹಿಡಿದು ಹೊರಟಳು. ನಾಲ್ಕು ಹೆಜ್ಜೆ ಹೋದ ಅಜ್ಜಿ ತಿರುಗಿ ನಿಂತು, ನನ್ನ ಮುಖವನ್ನೇ ನೋಡಿದಳು.

“ನೀ ಯಾಕ ಅಳಾಕತ್ತೀಯೋ ತಮ್ಮಾ? ನಿಂದೂ ಇಲ್ಲೇ ಏನರ ಕೇಸ್ ಐತೇನು?”